ಕಾದಂಬರಿಕಾರರ ಓದು ಕೇಳಿ ಬಂದ ಹುರುಪು ಮೂರೇ ವಾರಕ್ಕೆ ಇಳಿದುಹೋಯಿತು: ನಿಮಗೂ ಹೀಗಾಗಿದೆಯೇ?

ಶರಾವತಿ ಹಿನ್ನೀರು

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು; ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಾಲ್ಕು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಎನ್ನುವುದಕ್ಕಿಂತ, ಅದು 140ನೆಯ ಪುಟಕ್ಕೆ ಬಂದು ನಿಂತುಬಿಟ್ಟಿದೆ ಎಂದರೇ ಸರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಹೊತ್ತಿಗೆ ಊರು ಬಿಟ್ಟ ಒಂದು ಮನೆತನದ ಕಥೆ ಅದು. ನನ್ನ ತಾಯಿಯ ಮನೆತನವೂ ಹಾಗೆ ಊರು ಬಿಟ್ಟದ್ದೇ.

ಕಳೆದ ತಿಂಗಳು ನಮ್ಮಲ್ಲಿ ಹಿರಿಯ ಕಾದಂಬರಿಕಾರರೊಬ್ಬರು ತಮ್ಮ ಕಾದಂಬರಿಯ ಒಂದು ಅಧ್ಯಾಯ ಓದುವ ಕಾರ್ಯಕ್ರಮವಿತ್ತು. ಹಾಕಿದ್ದ ನಲವತ್ತು ಕುರ್ಚಿಗಳಲ್ಲಿ ಅರ್ಧದಷ್ಟು ಖಾಲಿ. ಮಳೆ ಬೇರೆ, ತಗಡಿನ ಮಾಡಿನ ಮೇಲೆ ಸದ್ದು ಎಷ್ಟಿತ್ತೆಂದರೆ ಅವರು ಮೈಕನ್ನು ಪಕ್ಕಕ್ಕಿಟ್ಟು, ನಮ್ಮನ್ನೆಲ್ಲ ಹತ್ತಿರ ಕರೆದು ಕೂರಿಸಿಕೊಂಡು ಓದಿದರು. ಇಪ್ಪತ್ತೈದು ನಿಮಿಷ ಓದಿರಬಹುದು. ಆ ರಾತ್ರಿ ಮನೆಗೆ ಬಂದವನು ಊಟವನ್ನೂ ಮರೆತು ಹನ್ನೊಂದು ಪುಟ ಬರೆದೆ. ಮರುದಿನ ಆರು ಪುಟ, ಆಮೇಲೆ ದಿನಕ್ಕೆ ಎರಡು, ಆಮೇಲೆ ಒಂದು. ಮೂರನೆಯ ವಾರಕ್ಕೆ ಪುಸ್ತಕ ಮುಚ್ಚಿಟ್ಟೆ. ಈಗ ಅದರ ಮೇಲೆ ಸಂಘದ ಜಮಾಖರ್ಚಿನ ಕಾಗದಗಳು ಕುಳಿತಿವೆ.

ನನ್ನ ಪ್ರಶ್ನೆ ಇಷ್ಟೇ. ಲೇಖಕರ ಓದು ಕೇಳಿದಾಗ ಹುಟ್ಟುವ ಈ ಹುರುಪು ನಿಜವಾಗಿಯೂ ಏನಾದರೂ ಕೊಡುತ್ತದೆಯೇ, ಅಥವಾ ಜಾತ್ರೆಯಲ್ಲಿ ಕುಣಿದು ಬಂದವನಿಗೆ ಮರುದಿನ ಮೈಕೈ ನೋವಷ್ಟೇ ಉಳಿಯುವಂತೆಯೇ? ಕಾದಂಬರಿಯಂಥ ದೀರ್ಘ ಕೆಲಸಕ್ಕೆ ಅದನ್ನು ಒಗ್ಗಿಸಿಕೊಂಡವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ.

ಅರ್ಧಕ್ಕೇ ನಿಂತವನು

ನಾಲ್ಕು ವರ್ಷಕ್ಕೆ 140 ಪುಟವೆಂದು ಕೊರಗುತ್ತಿದ್ದೀರಲ್ಲ, ನನ್ನದು ಒಂಬತ್ತು ವರ್ಷಕ್ಕೆ 60 ಪುಟ. ಈ ಸಂಗತಿಯೇ ನಿಮಗೆ ಸ್ಫೂರ್ತಿಯಾಗಲಿ.

ಕೆಂಪು ಶಾಯಿ

ಮೊದಲು ನೀವು ಅದೃಷ್ಟವಂತರು ಎಂದು ತಿಳಿದುಕೊಳ್ಳಿ. ನಿಮ್ಮ ಲೇಖಕರು ಇಪ್ಪತ್ತೈದು ನಿಮಿಷ ಓದಿದರಲ್ಲ! ನಾನು ಬೆಂಗಳೂರಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತೂವರೆಯ ಪುಸ್ತಕ ಬಿಡುಗಡೆಗಳಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಅಲ್ಲಿ ನಡೆಯುವುದು ಹೀಗೆ: ಉಪ್ಪಿಟ್ಟು, ಪ್ರಾರ್ಥನೆ, ಸ್ವಾಗತ, ಬಣ್ಣದ ಕಾಗದ ಬಿಚ್ಚುವುದು, ಫೋಟೊಗಾಗಿ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ನಿಲ್ಲುವುದು, ಕೃತಿಯ ಕುರಿತು ಒಬ್ಬರ ಮಾತು, ಕೃತಿಯನ್ನು ಓದಿರದ ಮತ್ತೊಬ್ಬರ ಮಾತು, ಅಧ್ಯಕ್ಷೀಯ ಭಾಷಣ. ಲೇಖಕರಿಗೆ ಕೊನೆಯಲ್ಲಿ ಉಳಿಯುವುದು ಏಳು ನಿಮಿಷ, ಅದರಲ್ಲೂ ಐದು ನಿಮಿಷ ಕೃತಜ್ಞತೆಗೇ ಹೋಗುತ್ತದೆ. ಕಾದಂಬರಿಯ ಒಂದೇ ಒಂದು ವಾಕ್ಯವೂ ಕೇಳಿಸದೆ ಕಾದಂಬರಿ ಬಿಡುಗಡೆಯಾಗಿಬಿಡುತ್ತದೆ. ಹುಡುಗಿಯ ಮುಖವನ್ನೇ ತೋರಿಸದೆ ಮದುವೆ ಮಾಡಿದ ಹಾಗೆ.

ಇಂಥ ಸಭೆಗಳಿಂದ ಬರೆಯುವವರಿಗೆ ಸಿಗುವುದು ಹೊಟ್ಟೆಕಿಚ್ಚೇ ಹೊರತು ಸ್ಫೂರ್ತಿಯಲ್ಲ. ವೇದಿಕೆಯ ಮೇಲೆ ಯಾವಾಗ ಕೂರುತ್ತೇನೆ ಎಂದು ಮನಸ್ಸು ಎಣಿಸತೊಡಗುತ್ತದೆ. ಬರೆಯಬೇಕಾದ ಅಧ್ಯಾಯದ ನೆನಪು ಆಗ ಯಾರಿಗಿರುತ್ತದೆ?

ತುಂಗೆಯ ದಡದಾಕೆ

ಕೆಂಪು ಶಾಯಿಯವರೇ, ಬೆಂಗಳೂರಿನ ಭಾನುವಾರಗಳನ್ನು ನೋಡಿ ಇಡೀ ಕನ್ನಡಕ್ಕೆ ತೀರ್ಪು ಕೊಡಬೇಡಿ. ಗಟ್ಟಿಯಾಗಿ ಓದುವುದನ್ನು ಮತ್ತು ಕೂತು ಕೇಳುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ಇಂದಿಗೂ ಮನೆಮಾತು. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನನ್ನು ಒಬ್ಬರು ವಾಚಿಸಿ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತ ಹೋದರೆ, ಅಕ್ಷರ ಬಾರದ ನನ್ನ ಅಜ್ಜಿ ಸೈಂಧವನ ವಧೆಯ ದಿನ ಊಟ ಬಿಟ್ಟು ಕೂತಿರುತ್ತಿದ್ದರು. ವಾಕ್ಯಕ್ಕೆ ಉಸಿರು ಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಹೇಳಬೇಕಾದ ಇನ್ನೊಂದು ಸಂಗತಿಯೆಂದರೆ, ಅಲ್ಲಿ ಒಂದು ಸಂಜೆಗೆ ಕಥೆ ಮುಗಿಯುವುದಿಲ್ಲ. ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಪಟ್ಟು ಹಿಡಿದು ಕೂರುವ ಅಭ್ಯಾಸ ಕೇಳುಗರಿಗೂ ಆಗುತ್ತದೆ.

ಕೆಂಪು ಶಾಯಿ

ಗಮಕದ ಬಗ್ಗೆ ನನಗೆ ಗೌರವವಿದೆ, ಆದರೆ ಇಲ್ಲಿನ ಪ್ರಶ್ನೆಗೆ ಅದು ಹೊಂದುವುದಿಲ್ಲ. ಅಲ್ಲಿ ಕವಿ ಎಂದೋ ತೀರಿಹೋಗಿದ್ದಾನೆ. ಓದುವವರು ಬೇರೆ, ಕೃತಿ ಮುಗಿದು ಶತಮಾನಗಳಾಗಿವೆ. ಬದುಕಿರುವ ಲೇಖಕ ತನ್ನದೇ ಗದ್ಯವನ್ನು, ತನ್ನದೇ ಅಷ್ಟೇನೂ ಚೆನ್ನಾಗಿಲ್ಲದ ಧ್ವನಿಯಲ್ಲಿ ಓದುವಾಗ ನಡೆಯುವುದೇ ಬೇರೆ. ಅದೇನೆಂದು ನನಗೂ ಸ್ಪಷ್ಟವಿಲ್ಲ, ಒಪ್ಪಿಕೊಳ್ಳುತ್ತೇನೆ.

ನೆಕರ್ ನದಿಯ ಕನ್ನಡಿಗ

ನಾನು ಹನ್ನೆರಡು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿ ಲೇಖಕರ ಓದಿಗೆ ಜನ ಟಿಕೆಟ್ ಕೊಂಡು ಬರುತ್ತಾರೆ. ಒಂದು ಮೇಜು, ಒಂದು ದೀಪ, ಒಂದು ಲೋಟ ನೀರು, ಇಷ್ಟೇ ಸಿದ್ಧತೆ. ಇದಕ್ಕೆ ಜರ್ಮನ್ನರು ಕೊಂಚ ಗೇಲಿಯಾಗಿ ‘ವಾಸರ್‌ಗ್ಲಾಸ್‌ಲೇಸುಂಗ್’ ಎನ್ನುತ್ತಾರೆ, ಅಂದರೆ ನೀರಿನ ಲೋಟದ ಓದು. ಮುಕ್ಕಾಲು ಗಂಟೆ ಓದು ನಡೆಯುತ್ತದೆ. ಕೆಮ್ಮು ಬಂದವರು ಬಾಗಿಲಾಚೆ ಹೋಗಿ ಕೆಮ್ಮಿ ಬರುತ್ತಾರೆ.

ಇದಕ್ಕಿಂತ ಕಠಿಣವಾದ ಓದೂ ಇಲ್ಲಿತ್ತು. 1947ರಲ್ಲಿ ಹಾನ್ಸ್ ವೆರ್ನರ್ ರಿಕ್ಟರ್ ಶುರುಮಾಡಿದ ‘ಗ್ರುಪ್ಪೆ 47’ ಎಂಬ ಬರಹಗಾರರ ಕೂಟದಲ್ಲಿ ಇನ್ನೂ ಅಚ್ಚಾಗದ ಹಸ್ತಪ್ರತಿಯನ್ನು ಓದಬೇಕಿತ್ತು. ಓದಿದ ಮೇಲೆ ಉಳಿದವರು ಅಲ್ಲಿಯೇ ವಿಮರ್ಶಿಸುತ್ತಿದ್ದರು. ಓದಿದವರು ಬಾಯಿ ಬಿಡುವಂತಿರಲಿಲ್ಲ, ಒಂದು ಮಾತಿನ ಸಮರ್ಥನೆಗೂ ಅವಕಾಶವಿಲ್ಲ. ಆ ಕುರ್ಚಿಗೆ ಅವರು ಇಟ್ಟಿದ್ದ ಹೆಸರು ‘ವಿದ್ಯುತ್ ಕುರ್ಚಿ’. 1958ರಲ್ಲಿ ಗ್ಯುಂಟರ್ ಗ್ರಾಸ್ ಆ ಕುರ್ಚಿಯಲ್ಲಿ ಕೂತು, ಬರೆಯುತ್ತಿದ್ದ ‘ತಗಡಿನ ಡೋಲು’ ಕಾದಂಬರಿಯ ಅಧ್ಯಾಯಗಳನ್ನು ಓದಿದರು. ಕೂಟದ ಬಹುಮಾನ ಅವರಿಗೆ ಬಂತು, ಮರುವರ್ಷ ಪುಸ್ತಕ ಹೊರಬಂತು. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಬೇರೆಯವರ ಓದು ಕೇಳಿ ಬಂದ ಹುರುಪು ಮೂರು ವಾರ ಇದ್ದೀತು, ಮುಗಿಯದ ಹಸ್ತಪ್ರತಿಯನ್ನು ತಾನೇ ನಾಲ್ಕು ಜನರ ಮುಂದೆ ಓದಬೇಕಾಗಿ ಬಂದರೆ ಅದು ಪುಸ್ತಕ ಮುಗಿಯುವವರೆಗೂ ಕಾಡುತ್ತದೆ.

ಹೆಸರು ಬೇಡ

ಗ್ರಾಸ್ ಕಥೆ ಚೆನ್ನಾಗಿದೆ, ಗೆದ್ದವರ ಕಥೆ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ಅದೇ ಕೂಟದಲ್ಲಿ 1952ರಲ್ಲಿ ಪೌಲ್ ಸೆಲಾನ್ ಓದಿದಾಗ ಏನಾಯಿತು ಎಂಬುದನ್ನೂ ಹೇಳಿ. ತಂದೆತಾಯಿಯನ್ನು ನಾತ್ಸಿ ಶಿಬಿರದಲ್ಲಿ ಕಳೆದುಕೊಂಡ ಕವಿ ತನ್ನ ಕವಿತೆ ಓದಿದರೆ, ಆ ಓದಿನ ಧಾಟಿಯನ್ನು ಕೇಳಿ ನಕ್ಕವರು ಅಲ್ಲಿದ್ದರು. ಮತ್ತೆಂದೂ ಅವರು ಆ ಕೂಟಕ್ಕೆ ಹೋಗಲಿಲ್ಲ.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. ಆದರೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಕಥಾ ಕಮ್ಮಟದಲ್ಲಿ ನಾನು ಓದುತ್ತಿದ್ದಾಗ, ನಿರ್ದೇಶಕರು ಎರಡನೆಯ ಪುಟಕ್ಕೇ ಕೈ ಎತ್ತಿ, “ಸಾಕಮ್ಮ, ಇದನ್ನು ಡೈರಿಯಲ್ಲಿ ಇಟ್ಟುಕೋ” ಎಂದರು. ಮೂವತ್ತು ಜನ ನಕ್ಕರು. ಊಟದ ಸಾಲಿನಲ್ಲಿ ಒಬ್ಬ ಹುಡುಗ, “ಡೈರಿ ಮೇಡಂ, ಪಾಯಸ ಬೇಕಾ?” ಎಂದು ಕೇಳಿದ. ನಾನು ಮತ್ತೆ ಪೆನ್ನು ಹಿಡಿದದ್ದು ಹದಿನಾಲ್ಕು ವರ್ಷಗಳ ನಂತರ. ನಾಲ್ಕು ಜನರ ಮುಂದೆ ಓದಿ ಎಂದು ಸಲಹೆ ಕೊಡುವವರು, ಆ ನಾಲ್ಕು ಜನ ಎಂಥವರಾಗಿರಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ನೆಕರ್ ನದಿಯ ಕನ್ನಡಿಗ

ನೀವು ಹೇಳಿದ್ದು ಸರಿ, ನಾನು ಅರ್ಧ ಮಾತ್ರ ಹೇಳಿದ್ದೆ. ಒಂದೇ ಒಂದು ಸಂಗತಿ ಸೇರಿಸುತ್ತೇನೆ. ಆ ಓದಿನ ವರ್ಷವೇ ಸ್ಟುಟ್‌ಗಾರ್ಟ್‌ನ ಪ್ರಕಾಶಕರು ಸೆಲಾನ್ ಅವರ ಸಂಕಲನವನ್ನು ಹೊರತಂದರು; ಆ ಸಂಬಂಧ ಕುದುರಿದ್ದು ಅದೇ ಸಭೆಯ ಸುತ್ತಮುತ್ತ. ಹಾಗೆಂದು ನಗು ಮರೆತುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಹದಿನಾಲ್ಕು ವರ್ಷಗಳ ಬಗ್ಗೆ ಓದಿ ನಿಜಕ್ಕೂ ಬೇಸರವಾಯಿತು. ಈಗ ಬರೆಯುತ್ತಿದ್ದೀರಲ್ಲವೇ?

ಹೆಸರು ಬೇಡ

ಬರೆಯುತ್ತಿದ್ದೇನೆ. ಯಾರಿಗೂ ಓದಿ ಹೇಳುತ್ತಿಲ್ಲ.

ಹಳೆ ಪುಸ್ತಕದಂಗಡಿ

ಚಾರ್ಲ್ಸ್ ಡಿಕನ್ಸ್ ಹೆಸರನ್ನು ಇನ್ನೂ ಯಾರೂ ಎತ್ತದಿರುವುದು ಆಶ್ಚರ್ಯ. 1858ರಿಂದ ಅವರು ಹಣಕ್ಕಾಗಿ ತಮ್ಮ ಕಾದಂಬರಿಗಳನ್ನು ಊರೂರಿನಲ್ಲಿ ಓದಿದರು, 1867ರಲ್ಲಿ ಅಮೆರಿಕಕ್ಕೂ ಹೋದರು. ಅವರು ಓದಲು ಬಳಸುತ್ತಿದ್ದ ಪ್ರತಿಗಳು ಉಳಿದಿವೆ. ಅವುಗಳ ಚಿತ್ರಗಳನ್ನು ನೋಡಿದರೆ ಬರೆಯುವವರಿಗೆ ಆಗುವ ಉಪಕಾರ ಯಾವ ಭಾಷಣದಿಂದಲೂ ಆಗಲಾರದು. ಅಚ್ಚಾದ, ಲಕ್ಷಾಂತರ ಜನ ಓದಿ ಮೆಚ್ಚಿದ ಪುಟಗಳ ಮೇಲೆ ಅಡ್ಡಗೆರೆ, ಅಡಿಗೆರೆ, ಸಾಲುಗಟ್ಟಲೆ ಕಾಟು. ಒಂದು ಕೊಲೆಯ ಪ್ರಸಂಗದ ಅಂಚಿನಲ್ಲಿ ‘ಕೊನೆಯವರೆಗೂ ಭೀತಿ’ ಎಂಬರ್ಥದ ಸೂಚನೆಯನ್ನು ತಮಗೆ ತಾವೇ ಬರೆದುಕೊಂಡಿದ್ದಾರೆ. ಅಷ್ಟು ಗೆದ್ದ ಲೇಖಕನಿಗೂ ಅಚ್ಚಾದ ವಾಕ್ಯ ಕೊನೆಯ ವಾಕ್ಯವಾಗಿರಲಿಲ್ಲ.

ಲೆಕ್ಕದ ಮೇಷ್ಟ್ರು

ಡಿಕನ್ಸ್ ಉದಾಹರಣೆ ಕೊಡುವಾಗ ಕೊನೆಯನ್ನೂ ಹೇಳುವುದು ಒಳ್ಳೆಯದು. ಆ ಕೊಲೆಯ ಪ್ರಸಂಗವನ್ನು ಮತ್ತೆಮತ್ತೆ ಓದಿ ಅವರ ಆರೋಗ್ಯ ಕೆಟ್ಟಿತು, ವೈದ್ಯರು ಬೇಡವೆಂದರು. ಕೊನೆಯ ಓದು 1870ರ ಮಾರ್ಚ್ 15ರಂದು, ಮರಣ ಅದೇ ವರ್ಷ ಜೂನ್ 9ರಂದು. ಬರೆಯುತ್ತಿದ್ದ ಕಾದಂಬರಿ ಅರ್ಧಕ್ಕೇ ನಿಂತಿತು. ಓದು ಬರವಣಿಗೆಯನ್ನು ಬೆಳೆಸುತ್ತದೆ ಎಂಬುದಕ್ಕಿಂತ ಬರವಣಿಗೆಯನ್ನು ತಿಂದುಹಾಕುತ್ತದೆ ಎಂಬುದಕ್ಕೇ ಇದು ಹೆಚ್ಚು ಹೊಂದುವ ಸಾಕ್ಷಿ.

ಹಳೆ ಪುಸ್ತಕದಂಗಡಿ

ಮೇಷ್ಟ್ರೇ, ನಾನು ಹೇಳಿದ್ದು ಪೆನ್ಸಿಲ್ ಗೆರೆಗಳ ಬಗ್ಗೆ, ವೈದ್ಯಕೀಯ ವರದಿಯ ಬಗ್ಗೆ ಅಲ್ಲ.

ಶರಾವತಿ ಹಿನ್ನೀರು

ಪೆನ್ಸಿಲ್ ಎಂದಾಗ ಒಂದು ಸಂಗತಿ ನೆನಪಾಯಿತು, ಮೊದಲೇ ಹೇಳಬೇಕಿತ್ತು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದರಿಂದ ಆ ಹಿರಿಯರ ಕೈಯಲ್ಲಿದ್ದ ಪುಸ್ತಕ ನನಗೆ ಚೆನ್ನಾಗಿ ಕಾಣುತ್ತಿತ್ತು. ಅದು ಎರಡನೆಯ ಮುದ್ರಣದ ಪ್ರತಿ. ಓದುತ್ತ ಓದುತ್ತ ಒಂದು ಕಡೆ ತಡೆದರು, ಅದೇ ವಾಕ್ಯವನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡರು, ಜೇಬಿನಿಂದ ಬೆರಳುದ್ದದ ಪೆನ್ಸಿಲ್ ತೆಗೆದು ಒಂದು ಪದವನ್ನು ಹೊಡೆದುಹಾಕಿದರು. “ಕ್ಷಮಿಸಿ, ಇಲ್ಲಿ ‘ಮೌನವಾಗಿ’ ಅನ್ನುವುದು ಹೆಚ್ಚಾಯಿತು, ಅವಳು ಒಬ್ಬಳೇ ಇದ್ದಾಳಲ್ಲ” ಎಂದು ನಮ್ಮತ್ತ ನೋಡಿ ನಕ್ಕು ಮುಂದುವರಿಸಿದರು. ಪುಸ್ತಕ ಹೊರಬಂದು ಹತ್ತು ವರ್ಷಗಳ ಮೇಲಾಗಿದೆ.

ಆ ರಾತ್ರಿ ನಾನು ಬರೆದದ್ದಕ್ಕೆ ಕಾರಣ ಅವರ ಕಥೆಯೋ ಆ ಪೆನ್ಸಿಲ್ಲೋ ಎಂದು ಈಗ ಯೋಚಿಸುತ್ತಿದ್ದೇನೆ. ಕಥೆ ನನಗೆ ಅಷ್ಟಾಗಿ ನೆನಪಿಲ್ಲ ಎಂಬುದು ಸತ್ಯ.

ತುಂಗೆಯ ದಡದಾಕೆ

ನೋಡಿ, ಕೆಂಪು ಶಾಯಿಯವರು ಸ್ಪಷ್ಟವಿಲ್ಲ ಎಂದದ್ದು ಇದೇ ಇರಬೇಕು. ಪುಸ್ತಕವನ್ನು ಮನೆಯಲ್ಲಿ ಓದಿದರೆ ನಮಗೆ ಕಾಣುವುದು ಕಟ್ಟಿ ಮುಗಿದ ಮನೆ. ಲೇಖಕರು ಓದುವಾಗ ಅವರ ಕೈಗೆ ಮೆತ್ತಿದ ಮಣ್ಣೂ ಕಾಣುತ್ತದೆ.

ಕೆಂಪು ಶಾಯಿ

ಒಪ್ಪಿದೆ. ಆದರೆ ಮೂರನೆಯ ಮುದ್ರಣದಲ್ಲಿ ಆ ‘ಮೌನವಾಗಿ’ ಹೋಗಿರುವುದಿಲ್ಲ ಎಂದು ಬೇಕಿದ್ದರೆ ಪಂಥ ಕಟ್ಟುತ್ತೇನೆ. ತಿದ್ದಿದ ಪ್ರತಿ ಮುದ್ರಕರ ಕೈ ಸೇರುವುದೇ ಅಪರೂಪ.

ಒಗ್ಗರಣೆ ಡಬ್ಬಿ

ಇಷ್ಟೂ ಚರ್ಚೆಯನ್ನು ಓದಿದೆ. ಸಂಜೆ ಆರೂವರೆಯ ಕಾರ್ಯಕ್ರಮಕ್ಕೆ ಹೋಗುವುದು ಯಾರಿಗೆ ಸಾಧ್ಯ ಎಂಬ ಪ್ರಶ್ನೆ ಒಬ್ಬರಿಗೂ ಬರಲಿಲ್ಲ. ನನಗೆ ಆ ಹೊತ್ತಿಗೆ ಮಗನ ಹೋಂವರ್ಕ್, ಮಾವನವರ ಮಾತ್ರೆ, ರಾತ್ರಿಯ ಅಡುಗೆ. ನಾನು ಲೇಖಕರ ಓದು ಕೇಳುವುದು ಯೂಟ್ಯೂಬ್‌ನಲ್ಲಿ, ಮೊಬೈಲನ್ನು ಒಗ್ಗರಣೆ ಡಬ್ಬಿಗೆ ಒರಗಿಸಿಟ್ಟು. ಕುಕ್ಕರ್ ಕೂಗಿದಾಗ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತೇನೆ. ಹೀಗೆ ಕೇಳುತ್ತ ಕೇಳುತ್ತಲೇ ಒಂದು ಕಾದಂಬರಿಯ ಮೊದಲ ಕರಡು ಮುಗಿಸಿದ್ದೇನೆ, 212 ಪುಟ.

ಧೈರ್ಯ ಬೇಕಾದಾಗ ನಾನು ನೆನೆಯುವುದು ಎಂ. ಕೆ. ಇಂದಿರಾ ಅವರನ್ನು. ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು 1963ರಲ್ಲಿ, ‘ಫಣಿಯಮ್ಮ’ 1976ರಲ್ಲಿ. ನಲವತ್ತೈದು ದಾಟಿದ ಮೇಲೆ ಶುರುವಾದ ಕಾದಂಬರಿಗಾರಿಕೆ ಅದು. ಅವರ ಮುಂದೆ ಯಾವ ವೇದಿಕೆ ಇತ್ತು? ಮನೆಯ ಹೆಂಗಸರು ಹೇಳಿದ ಕಥೆಗಳನ್ನು ಕಿವಿಗೊಟ್ಟು ಕೇಳಿದ್ದರು, ಅಷ್ಟೇ.

ಲೆಕ್ಕದ ಮೇಷ್ಟ್ರು

ಒಗ್ಗರಣೆ ಡಬ್ಬಿಯವರಿಗೆ ಅಭಿನಂದನೆಗಳು. ಆದರೂ ಧ್ವನಿಮುದ್ರಣ ಮತ್ತು ಎದುರಿನ ಓದು ಎರಡೂ ಒಂದೇ ಅಲ್ಲ. ಎದುರಿಗೆ ಕೂತಾಗ ಎದ್ದುಹೋಗಲು ಸಂಕೋಚವಾಗುತ್ತದೆ. ಆ ಸಂಕೋಚದಿಂದಲೇ ಬೇಸರದ ಭಾಗವನ್ನೂ ಕೇಳುತ್ತೇವೆ. ಕಾದಂಬರಿಯಲ್ಲಿ ಬೇಸರದ ಭಾಗವನ್ನು ದಾಟಿಸುವುದೇ ದೊಡ್ಡ ಕೆಲಸ.

ಒಗ್ಗರಣೆ ಡಬ್ಬಿ

ಬೇಸರದ ಭಾಗವನ್ನು ದಾಟುವುದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ, ಮೇಷ್ಟ್ರೇ.

ಲೋಕಲ್ ಟ್ರೈನು

ಒಗ್ಗರಣೆ ಡಬ್ಬಿಯವರ ಮಾತಿಗೆ ಮುಂಬಯಿಯಿಂದ ನನ್ನದೂ ಒಂದು ಸೇರ್ಪಡೆ. ಯಶವಂತ ಚಿತ್ತಾಲರು ಇದೇ ಊರಿನ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ 1979ರಲ್ಲಿ ‘ಶಿಕಾರಿ’ ಕೊಟ್ಟರು. ನೌಕರಿಯನ್ನು ಬೈದುಕೊಂಡು ಕೂರದೆ ಅದರೊಳಗಿನ ಭಯವನ್ನೇ ಕಾದಂಬರಿಯ ಸರಕು ಮಾಡಿಕೊಂಡರು. ಮುಂಬಯಿಯ ಕನ್ನಡ ಸಂಘಗಳ ಸಭೆಗಳಲ್ಲಿ ಓದು ಕೇಳಿ ರಾತ್ರಿಯ ಲೋಕಲ್‌ನಲ್ಲಿ ಮರಳುವಾಗ ನನಗೂ ಹುರುಪು ಬರುತ್ತದೆ, ಡೊಂಬಿವಲಿ ಮುಟ್ಟುವಷ್ಟರಲ್ಲಿ ಇಳಿಯುತ್ತದೆ. ಆದ್ದರಿಂದ ಈಗ ಟ್ರೈನಿನಲ್ಲೇ ಬರೆಯುತ್ತೇನೆ. ಸೀಟು ಸಿಕ್ಕ ದಿನ ಒಂದು ಪುಟ, ನಿಂತ ದಿನ ಮೊಬೈಲಿನಲ್ಲಿ ನಾಲ್ಕು ಸಾಲು.

ಕಡ್ಡಿ ಮುರಿದ ಹಾಗೆ

ಮೂಲ ಪ್ರಶ್ನೆ ಕೇಳಿದವರಿಗೆ ನೇರವಾಗಿ ಒಂದು ಮಾತು. ಶರಾವತಿ ಮುಳುಗಡೆಯ ಬಗ್ಗೆ ನಾ. ಡಿಸೋಜ ಅವರು ಬರೆದಾಗಿದೆ. ಯೋಜನೆಯ ಊರುಗಳಲ್ಲೇ ನೌಕರಿ ಮಾಡಿ ಕಣ್ಣಾರೆ ಕಂಡವರು ಅವರು. ಅವರ ‘ದ್ವೀಪ’ ಕಾದಂಬರಿ 2002ರಲ್ಲಿ ಸಿನಿಮಾ ಕೂಡ ಆಯಿತು. ಇನ್ನು ನೀವು ಹೊಸದಾಗಿ ಹೇಳುವುದೇನಿದೆ? ಬಹುಶಃ ನಿಮ್ಮ ಕಾದಂಬರಿ ನಿಂತಿರುವುದು ಹುರುಪಿಲ್ಲದೆ ಅಲ್ಲ, ಹೇಳಲು ಏನೂ ಉಳಿದಿಲ್ಲದೆ ಇರಬಹುದು.

ಹಳೆ ಪುಸ್ತಕದಂಗಡಿ

ಇದೆಂಥ ಮಾತು? ಕುರುಕ್ಷೇತ್ರದ ಬಗ್ಗೆ ಪಂಪ ಬರೆದಾಗಿದೆ ಎಂದು ರನ್ನ ಸುಮ್ಮನಿದ್ದನೇ, ಕುಮಾರವ್ಯಾಸ ಸುಮ್ಮನಿದ್ದನೇ?

ಶರಾವತಿ ಹಿನ್ನೀರು

ಕಡ್ಡಿ ಮುರಿದವರಿಗೆ ಉತ್ತರ ಕೊಡಲೇಬೇಕು. ಡಿಸೋಜ ಅವರನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಸಾಗರದಲ್ಲಿ ಹತ್ತಿರದಿಂದ ನೋಡಿದ್ದೇನೆ. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ನಮ್ಮ ಪೇಟೆಯೇ ಸಂಭ್ರಮಿಸಿತ್ತು. 2025ರ ಜನವರಿಯಲ್ಲಿ ಅವರು ತೀರಿಕೊಂಡ ದಿನ ನಾನು ಹಸ್ತಪ್ರತಿ ತೆಗೆದು ನೋಡಿ, ನೀವು ಕೇಳಿದ ಪ್ರಶ್ನೆಯನ್ನೇ ನನಗೆ ನಾನು ಕೇಳಿಕೊಂಡಿದ್ದೆ. ಅವರು ಬರೆದದ್ದು ಅವರು ಕಂಡದ್ದು. ಊರು ಬಿಟ್ಟಾಗ ನನ್ನ ತಾಯಿಗೆ ಹನ್ನೆರಡು ವರ್ಷ. ಅವರು ಕಂಡದ್ದನ್ನು ಇನ್ನೂ ಯಾರೂ ಬರೆದಿಲ್ಲ. ನಾನೂ ಪೂರ್ತಿಯಾಗಿ ಕೇಳಿಲ್ಲ ಎಂಬುದು ನನ್ನ ತಪ್ಪು.

ಪ್ರಾಗ್‌ನ ಜಿರಳೆ

ಸೋತ ಓದಿನ ಒಂದು ಕಥೆ ನನ್ನಲ್ಲಿದೆ, ‘ಹೆಸರು ಬೇಡ’ ಎಂದವರಿಗಾಗಿ ಹೇಳುತ್ತಿದ್ದೇನೆ. 1916ರ ನವೆಂಬರ್ 10ರಂದು ಫ್ರಾಂಜ್ ಕಾಫ್ಕಾ ಮ್ಯೂನಿಕ್‌ನ ಒಂದು ಕಲಾ ಗ್ಯಾಲರಿಯಲ್ಲಿ ತಮ್ಮ ನೀಳ್ಗತೆಯೊಂದನ್ನು ಓದಿದರು. ಪತ್ರಿಕೆಗಳು ಮೆಚ್ಚಲಿಲ್ಲ, ಅವರಿಗೂ ಅದು ಸೋಲೆಂದೇ ಅನ್ನಿಸಿತು. ಆದರೆ ಪ್ರಾಗ್‌ಗೆ ಮರಳಿದ ಕೆಲವೇ ವಾರಗಳಲ್ಲಿ, ತಂಗಿ ಬಾಡಿಗೆಗೆ ಹಿಡಿದಿದ್ದ ಒಂದು ಗುಬ್ಬಚ್ಚಿ ಗೂಡಿನಂಥ ಮನೆಯಲ್ಲಿ, ಆ ಚಳಿಗಾಲವೆಲ್ಲ ರಾತ್ರಿ ಕೂತು ಒಂದರ ಮೇಲೊಂದು ಕಥೆ ಬರೆದರು. ಬಹಳ ಕಾಲ ಬರವಣಿಗೆ ನಿಂತುಹೋಗಿದ್ದವರು ಅವರು. ಸೋತ ಓದಿಗೂ ಆ ಚಳಿಗಾಲಕ್ಕೂ ಸಂಬಂಧವಿದೆಯೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಓದು ಸೋತರೆ ಬರವಣಿಗೆಯೂ ಸೋಲಲೇಬೇಕೆಂದಿಲ್ಲ.

ಹೆಸರು ಬೇಡ

ನನ್ನ ಹದಿನಾಲ್ಕು ವರ್ಷಕ್ಕೆ ಅವರ ಕೆಲವೇ ವಾರ! ಆದರೂ ಈ ಕಥೆಗೆ ಧನ್ಯವಾದ.

ಗುರುವಾರದ ಮನೆ

ನಾನು ಧಾರವಾಡದವಳು, ಸಾಹಿತ್ಯದ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮ ಊರಿನಲ್ಲಿ ಸುಭಾಷ್ ರಸ್ತೆಯ ಅಟ್ಟ ಬಹಳ ಹೆಸರಾದದ್ದು. 1933ರಲ್ಲಿ ಶುರುವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಆ ಮೆಟ್ಟಿಲುಗಳನ್ನು ಹಸ್ತಪ್ರತಿ ಹಿಡಿದು ಹತ್ತಿದವರು ಎಷ್ಟೋ ಜನ. ಹಿರಿಯರು ಹೇಳುತ್ತಿದ್ದ ಆ ಮಾತುಕತೆಗಳ ರುಚಿಯಿಂದಲೇ ನಾವು ಆರೇಳು ಜನ ಸೇರಿ ನಮ್ಮ ಮನೆಯಲ್ಲಿ ತಿಂಗಳಿಗೊಂದು ಗುರುವಾರ ಓದು ಶುರುಮಾಡಿದೆವು. ಎಂಟು ವರ್ಷಗಳಾದವು. ಆ ನಾಲ್ಕು ಜನ ಎಂಥವರಾಗಿರಬೇಕು ಎಂಬ ಪ್ರಶ್ನೆಗೆ ನಮ್ಮ ಅನುಭವವನ್ನಷ್ಟೇ ಹೇಳಬಲ್ಲೆ.

ಓದುವುದು ಇಪ್ಪತ್ತು ನಿಮಿಷ, ಅದೂ ಮುಗಿಯದ ಕೃತಿಯಿಂದ. ಓದುವ ಮುನ್ನ ಪೀಠಿಕೆ ಹಾಕುವಂತಿಲ್ಲ. ಏಕೆಂದರೆ ಪೀಠಿಕೆಯಲ್ಲಿ ಹೇಳಿದ್ದು ಅಧ್ಯಾಯದಲ್ಲಿ ಇರಲೇಬೇಕೆಂದಿಲ್ಲ. ಕೇಳಿದವರು ಚೆನ್ನಾಗಿದೆ ಎನ್ನುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತೆಯೂ ಇಲ್ಲ. ಏನು ನೆನಪುಳಿಯಿತು, ಎಲ್ಲಿ ಗಮನ ತಪ್ಪಿತು, ಇವೆರಡನ್ನೇ ಹೇಳಬೇಕು. ಚಹಾ ಆಮೇಲೆ. ಮೊದಲ ವರ್ಷ ಚಹಾ ಮೊದಲೇ ಕೊಟ್ಟು ಕೆಟ್ಟೆವು. ಕಪ್ಪು ಬಸಿಯ ಸದ್ದಿನಲ್ಲಿ ಒಬ್ಬರ ಇಡೀ ಸಾವಿನ ಪ್ರಸಂಗ ಮುಳುಗಿಹೋಯಿತು.

ಗಟ್ಟಿಯಾಗಿ ಓದಿದಾಗ ಸಿಕ್ಕಿಬೀಳುವ ದೋಷಗಳು ಸಾಮಾನ್ಯವಾಗಿ ಒಂದೇ ಬಗೆಯವು. ‘ಆಗ’, ‘ನಂತರ’, ‘ಅಷ್ಟರಲ್ಲಿ’ ಎಂಬ ಪದಗಳು ಪುಟಕ್ಕೆ ಹತ್ತು ಬಂದಿರುತ್ತವೆ, ಕಣ್ಣಿಗೆ ಕಾಣದಿದ್ದರೂ ಕಿವಿಗೆ ಚುಚ್ಚುತ್ತವೆ. ಅಜ್ಜಿಯೂ ತಹಶೀಲ್ದಾರರೂ ಮೊಮ್ಮಗನೂ ಒಂದೇ ಕನ್ನಡ ಮಾತಾಡುತ್ತಿರುತ್ತಾರೆ. ಉಸಿರು ಸಾಲದ ಕಡೆ ವಾಕ್ಯವನ್ನು ಮುರಿಯಲೇಬೇಕಾಗುತ್ತದೆ. ಇನ್ನು ಹುರುಪಿನ ವಿಷಯ. ಹುರುಪು ನಮ್ಮಲ್ಲೂ ಇಳಿಯುತ್ತದೆ, ಆದರೆ ಮುಂದಿನ ತಿಂಗಳು ನನ್ನ ಸರದಿ ಎಂಬುದು ಗೋಡೆಯ ಪಂಚಾಂಗದ ಮೇಲೆ ಬರೆದಿರುತ್ತದೆ. ಎಂಟು ವರ್ಷಗಳಲ್ಲಿ ಮೂರು ಕಾದಂಬರಿಗಳು ಮುಗಿದವು, ಎರಡು ನಿಂತವು, ಒಬ್ಬರು ಬರೆಯುವುದನ್ನು ಬಿಟ್ಟು ಕೇಳಲು ಮಾತ್ರ ಬರುತ್ತಾರೆ. ಅವರಷ್ಟು ಒಳ್ಳೆಯ ಕೇಳುಗರು ನಮ್ಮಲ್ಲಿ ಬೇರೆ ಇಲ್ಲ.

ಅರ್ಧಕ್ಕೇ ನಿಂತವನು

ಬಾಗಲಕೋಟೆಯಿಂದ ಧಾರವಾಡಕ್ಕೆ ಗುರುವಾರ ಸಂಜೆಯ ಬಸ್ಸು ಯಾವುದಿದೆ ಎಂದು ನೋಡುತ್ತಿದ್ದೇನೆ.

ಗುರುವಾರದ ಮನೆ

ಬರ್ರಿ ತಮ್ಮಾ, ಆದರೆ 60 ಪುಟದಾಗ ಇಪ್ಪತ್ತು ನಿಮಿಷದ್ದು ಆರಿಸಿಕೊಂಡು ಬರ್ರಿ.

ಕಡ್ಡಿ ಮುರಿದ ಹಾಗೆ

ಊರಿನಲ್ಲಿ ಅಂಥ ಮನೆಯಿಲ್ಲದವರು ಏನು ಮಾಡಬೇಕು? ಎಲ್ಲರೂ ಧಾರವಾಡದಲ್ಲಿ ಹುಟ್ಟಲು ಆಗುವುದಿಲ್ಲವಲ್ಲ.

ತುಂಗೆಯ ದಡದಾಕೆ

ಪ್ರಶ್ನೆ ಕೇಳಿದವರಿಗೆ ಹೆಗ್ಗೋಡು ಕೂಗಳತೆಯಲ್ಲಿದೆ. ನೀನಾಸಮ್‌ನ ಶಿಬಿರಗಳಲ್ಲಿ ಕೇಳುವ ಕಿವಿಗಳು ಸಿಗದೆ ಇರಲಾರವು. ಅದಕ್ಕೂ ಹತ್ತಿರದಲ್ಲಿ ಯಾರೂ ಇಲ್ಲವೇ? ಮುಳುಗಡೆಯ ಕಥೆ ಬರೆಯುತ್ತಿದ್ದೀರಿ, ತಾಯಿ ಮನೆಯಲ್ಲೇ ಇದ್ದಾರೆ.

ಒಗ್ಗರಣೆ ಡಬ್ಬಿ

ನಾನೂ ಅದನ್ನೇ ಬರೆಯಲು ಬಂದೆ.

ಶರಾವತಿ ಹಿನ್ನೀರು

ಹದಿನೆಂಟು ದಿನಗಳ ಮೇಲೆ ಮರಳಿ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಕಳೆದ ಭಾನುವಾರ ಮಧ್ಯಾಹ್ನ ತಾಯಿ ಜಗಲಿಯಲ್ಲಿ ಅಡಿಕೆ ಆರಿಸುತ್ತ ಕೂತಿದ್ದರು. ನಾನು ಮೂರನೆಯ ಅಧ್ಯಾಯವನ್ನು ತೆಗೆದುಕೊಂಡು ಹೋಗಿ, “ಸ್ವಲ್ಪ ಕೇಳು” ಎಂದೆ. ಮನೆತನದವರು ಸಾಮಾನು ಹೇರಿಕೊಂಡು ಊರು ಬಿಡುವ ಅಧ್ಯಾಯ ಅದು. ನನ್ನ ಮಟ್ಟಿಗೆ ಕಾದಂಬರಿಯಲ್ಲೇ ಚೆನ್ನಾಗಿ ಬಂದದ್ದು ಎಂದುಕೊಂಡಿದ್ದೆ. ಎರಡು ಪುಟ ಓದುವಷ್ಟರಲ್ಲಿ ನನ್ನ ವಾಕ್ಯಗಳು ನನಗೇ ನಾಚಿಕೆ ತರಿಸಿದವು. ಸೂರ್ಯಾಸ್ತದ ವರ್ಣನೆಗೆ ಅರ್ಧ ಪುಟ ಕೊಟ್ಟಿದ್ದೆ. ತಾಯಿ ಆ ಹೊತ್ತಿಗೆ ಎದ್ದು ಹೋಗಿ ಬುಟ್ಟಿ ಬದಲಿಸಿಕೊಂಡು ಬಂದರು. ಗುರುವಾರದ ಮನೆಯವರು ಹೇಳಿದ ‘ಗಮನ ತಪ್ಪಿದ ಜಾಗ’ ಎಂದರೆ ಏನೆಂದು ಗೊತ್ತಾಯಿತು. ಜೇಬಿನಲ್ಲಿ ಪೆನ್ಸಿಲ್ ಇತ್ತು, ಅಲ್ಲೇ ಹೊಡೆದುಹಾಕಿದೆ.

ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಎಲ್ಲ ಸರಿ, ಎಮ್ಮೆ ಏನಾತು?” ಎಂದು ಕೇಳಿದರು. ಮೊದಲ ಅಧ್ಯಾಯದಲ್ಲಿ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಕಟ್ಟಿದ್ದೆನೆಂದು ನಾನು ಎಂದೋ ಒಮ್ಮೆ ಹೇಳಿದ್ದು ಅವರಿಗೆ ನೆನಪಿತ್ತು, ನನಗೆ ಮರೆತೇಹೋಗಿತ್ತು. ಲಾರಿಯಲ್ಲಿ ಹೋಗಿರಬೇಕು ಎಂದೆ. ಅವರು ಅಡಿಕೆಯಿಂದ ಕೈ ತೆಗೆದು ನನ್ನ ಮುಖ ನೋಡಿದರು. “ಲಾರಿ ಹತ್ತಲಿಲ್ಲ ಅದು. ನಾಲ್ಕು ಜನ ದೂಡಿದರೂ ಹತ್ತಲಿಲ್ಲ. ಅಪ್ಪಯ್ಯ ಹಗ್ಗ ಹಿಡಕೊಂಡು ನಡಕೊಂಡೇ ಹೊರಟ. ಎರಡು ದಿನ ಕಳದು ಬಂದ, ಬರೀ ಹಗ್ಗ ಇತ್ತು ಕೈಯಲ್ಲಿ.” ಇಷ್ಟು ಹೇಳಿ ಒಳಗೆ ಹೋದರು. ಅಜ್ಜ ತೀರಿಕೊಂಡು ಮೂವತ್ತು ವರ್ಷಗಳಾಗಿವೆ. ಆ ಹಗ್ಗದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಈಗ ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಹನ್ನೊಂದು ಪುಟದ ರಾತ್ರಿಗಳಿಲ್ಲ, ದಿನಕ್ಕೆ ಮುಕ್ಕಾಲು ಪುಟ. ಮುಂದಿನ ಭಾನುವಾರಕ್ಕೆ ಎಮ್ಮೆಯ ಭಾಗ ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.

ಕೆಂಪು ಶಾಯಿ

ಸೂರ್ಯಾಸ್ತ ಹೋದದ್ದು ಒಳ್ಳೆಯದಾಯಿತು. ಮುಗಿದ ಮೇಲೆ ಕರಡು ತಿದ್ದಲು ನನಗೆ ಕಳಿಸಿ, ಹಣ ಬೇಡ.

ಹೆಸರು ಬೇಡ

ಗುರುವಾರದ ಮನೆಯವರೇ, ನಿಮ್ಮಲ್ಲಿ ಮುಂದಿನ ಓದು ಯಾವ ತಾರೀಕಿಗೆ? ಓದಲು ಅಲ್ಲ, ಸದ್ಯಕ್ಕೆ ಕೇಳಲು.

ಅರ್ಧಕ್ಕೇ ನಿಂತವನು

ಹಗ್ಗ ಈಗ ಎಲ್ಲಿದೆ?

ಶರಾವತಿ ಹಿನ್ನೀರು

ಗೊತ್ತಿಲ್ಲ. ಭಾನುವಾರ ಕೇಳುತ್ತೇನೆ.